ಗದ್ವಾಲ ಯಾವ ಗುಂಪಿಗೆ ಸೇರಿದ್ದು?



1/2, 2/4, 3/6 ಇವು ಸಮಾನ ಭಿನ್ನರಾಶಿಗಳು ಎಂದು ನಮ್ಮ ಮಕ್ಕಳು ಕಲಿಯುತ್ತಾರೆ. ಬರೆಯುವ ರೀತಿ ಬೇರೆ, ಬೆಲೆ ಒಂದೇ. ಹೀಗೆ ಸಮಾನವಾದವುಗಳ ಗುಂಪಿಗೆ ಗಣಿತದಲ್ಲಿ ಸಮಾನತಾ ವರ್ಗ ಎನ್ನುತ್ತಾರೆ. ಗುಂಪಿನಿಂದ ಯಾವುದಾದರೂ ಒಂದನ್ನು ತೆಗೆದುಕೊಂಡು ಲೆಕ್ಕ ಮಾಡಿದರೆ ಸಾಕು. ವಾರದ ಲೆಕ್ಕವೂ ಹಾಗೆಯೇ. 1956ರ ನವೆಂಬರ್ 1 ಗುರುವಾರ. ಆ ತಿಂಗಳ 8, 15, 22, 29 ಕೂಡ ಗುರುವಾರವೇ. 7ರಿಂದ ಭಾಗಿಸಿದರೆ ಎಲ್ಲಕ್ಕೂ ಶೇಷ 1. ಇಂಥ ಶೇಷಗಳ ಲೆಕ್ಕಕ್ಕೆ 1801ರಲ್ಲಿ ಜರ್ಮನಿಯ ಗೌಸ್ ಶಾಸ್ತ್ರದ ರೂಪ ಕೊಟ್ಟರು.

ಆ ಗುರುವಾರ ನಮ್ಮ ಗಡಿನಾಡಿನ ಗುಂಪುಗಳೂ ಬದಲಾದವು. ಅದಕ್ಕೆ ಮೊದಲು ಹೈದರಾಬಾದ್ ರಾಜ್ಯದಲ್ಲಿ ಗದ್ವಾಲ ರಾಯಚೂರು ಜಿಲ್ಲೆಯಲ್ಲಿತ್ತು. ನಾರಾಯಣಪೇಟೆ, ಮಕ್ತಲ್ ಮಹಬೂಬ್‌ನಗರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರಿಗೆ ಹೋಯಿತು, ಗದ್ವಾಲ ಮಹಬೂಬ್‌ನಗರಕ್ಕೆ ಬಂತು. ಮೂರೂ ಊರು ಒಂದೇ ಗುಂಪಾದವು. 2016ರ ಅಕ್ಟೋಬರ್ 11ರಂದು ಗದ್ವಾಲ ಬೇರೆ ಜಿಲ್ಲೆಯಾಯಿತು. 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆ ಹುಟ್ಟಿತು, ಮಕ್ತಲ್ ಅದರಲ್ಲಿ ಸೇರಿತು. ಊರುಗಳು ಇದ್ದಲ್ಲೇ ಇವೆ, ಗುಂಪು ಮಾತ್ರ ಬದಲಾಯಿತು.

ಗುಂಪು ಸರಿಯಾಗಿ ಆಗಬೇಕಾದರೆ ಮೂರು ನಿಯಮಗಳಿವೆ. ಪ್ರತಿಯೊಂದಕ್ಕೂ ತನ್ನೊಡನೆ ಸಂಬಂಧವಿರಬೇಕು, ಸಂಬಂಧ ಪರಸ್ಪರವಾಗಿರಬೇಕು, ಮೊದಲನೆಯದಕ್ಕೆ ಎರಡನೆಯದರೊಡನೆ, ಎರಡನೆಯದಕ್ಕೆ ಮೂರನೆಯದರೊಡನೆ ಸಂಬಂಧವಿದ್ದರೆ ಮೊದಲನೆಯದಕ್ಕೆ ಮೂರನೆಯದರೊಡನೆಯೂ ಇರಬೇಕು. ‘ಒಂದೇ ಜಿಲ್ಲೆಯವರು’ ಎಂಬ ಸಂಬಂಧ ಮೂರನ್ನೂ ಪಾಲಿಸುತ್ತದೆ.

‘ಇಬ್ಬರಿಗೂ ಗೊತ್ತಿರುವ ಭಾಷೆ ಒಂದಿದೆ’ ಎಂಬ ಸಂಬಂಧ ನೋಡಿ. ಕನ್ನಡ ಮಾತ್ರ ಬಲ್ಲ ಅಜ್ಜಿ ಮೊಮ್ಮಗಳ ಜೊತೆ ಮಾತಾಡುತ್ತಾಳೆ. ಎರಡೂ ಭಾಷೆ ಬಲ್ಲ ಮೊಮ್ಮಗಳು ತೆಲುಗು ಮಾತ್ರ ಬಲ್ಲ ಅಂಗಡಿಯವನ ಜೊತೆ ಮಾತಾಡುತ್ತಾಳೆ. ಆದರೆ ಅಜ್ಜಿಗೂ ಅಂಗಡಿಯವನಿಗೂ ಮಾತು ನಡೆಯದು. ಮೂರನೆಯ ನಿಯಮ ಇಲ್ಲೇ ಮುರಿಯಿತು!

ಆದ್ದರಿಂದ ಭಾಷೆಯ ಹೆಸರಲ್ಲಿ ಗೆರೆ ಎಲ್ಲಿ ಎಳೆದರೂ ಆ ಮೊಮ್ಮಗಳಂಥವರು ಎರಡೂ ಕಡೆಗೆ ಸೇರುತ್ತಾರೆ. ಇದು ಆಗಿನವರಿಗೂ ತಿಳಿದಿತ್ತು. ಅದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು.

ಗಡಿಯಾಚೆಯ ಕನ್ನಡ ಶಾಲೆ ಹಂಚಿಕೆಯಲ್ಲಿ ಮರೆತು ಉಳಿದದ್ದಲ್ಲ. ಗೆರೆ ಎಳೆದಾಗಲೇ ಅದು ಬೇಕೆಂದು ಗೊತ್ತಿತ್ತು. ‘ನಿಮಗೆ ಇಲ್ಲಿ ಕನ್ನಡವೇಕೆ?’ ಎಂದು ಯಾರಾದರೂ ಕೇಳಿದರೆ ನಮ್ಮ ಮಕ್ಕಳು ಈ ಲೆಕ್ಕ ಬಿಡಿಸಿ ತೋರಿಸಲಿ.