ತಿಪ್ಪೆ ಇಲ್ಲದ ಊರಿನ ಕೋಳಿಗೆ ಮೊಳಕೆ

ಮನುಷ್ಯನ ಊಟದ ಬಗ್ಗೆ ಕೋಳಿ ಕಲಿಸಿದ ಪಾಠವೊಂದರ ಕತೆ ಹೈದರಾಬಾದಿನವರೆಗೂ ಬರುತ್ತದೆ. 1890ರ ದಶಕದಲ್ಲಿ ಜಾವಾದ ಬಟಾವಿಯಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಅವರ ಪ್ರಯೋಗಾಲಯದ ಕೋಳಿಗಳು ಕಾಲು ಸೋತು ಕುಸಿದವು. ಅವು ತಿನ್ನುತ್ತಿದ್ದದ್ದು ಮಿಲಿಟರಿ ಆಸ್ಪತ್ರೆಯ ಪಾಲಿಶ್ ಅಕ್ಕಿಯ ಅನ್ನ. ತೌಡು ಉಳಿದಿದ್ದ ಅಕ್ಕಿ ಹಾಕಿದಾಗ ಚೇತರಿಸಿಕೊಂಡವು. ಬೆರಿಬೆರಿ ರೋಗದ ಗುಟ್ಟು ಬಿಚ್ಚಿಕೊಂಡದ್ದು ಹೀಗೆ. 1929ರಲ್ಲಿ ಐಕ್ಮನ್ ನೊಬೆಲ್ ಹಂಚಿಕೊಂಡರು. ಅದೇ ಬೆರಿಬೆರಿಯ ಬೆನ್ನು ಹತ್ತಿ ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಕೂನೂರಿನಲ್ಲಿ ಶುರುಮಾಡಿದ ಪುಟ್ಟ ಪ್ರಯೋಗಾಲಯವು 1958ರಲ್ಲಿ ಹೈದರಾಬಾದಿಗೆ ಬಂತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ.

ನಿಜಾಮರ ಕಾಲದ ಹಳ್ಳಿಗಳಲ್ಲಿ, ನಮ್ಮ ಬೀದರ್, ಕಲಬುರಗಿ, ರಾಯಚೂರುಗಳಲ್ಲೂ, ಕೋಳಿಗೆಂದು ಮೇವು ಬೆಳೆಯುವ ರೂಢಿ ಇರಲಿಲ್ಲ. ಕಣದಲ್ಲಿ ಚೆಲ್ಲಿದ ಜೋಳ, ಮೊರದಿಂದ ಬಿದ್ದ ನುಚ್ಚು, ತಿಪ್ಪೆಯ ಹುಳು, ಬೇಲಿಯ ಹಸಿರೆಲೆ ಇಷ್ಟರಲ್ಲೇ ಜವಾರಿ ಕೋಳಿ ಬದುಕುತ್ತಿತ್ತು. ತೌಡಿನ ಸತ್ವವೂ ಹಸಿರಿನ ಸತ್ವವೂ ಕೆದಕಾಟದಲ್ಲೇ ಸಿಗುತ್ತಿದ್ದವು.

1988ರಲ್ಲಿ ಹೈದರಾಬಾದಿನ ರಾಜೇಂದ್ರನಗರದಲ್ಲಿ ಕೋಳಿ ಸಂಶೋಧನೆಯ ಕೇಂದ್ರ ಸಂಸ್ಥೆ ಆರಂಭವಾಯಿತು. ಅಲ್ಲಿಂದ ಬಂದ ವನರಾಜ, ಗ್ರಾಮಪ್ರಿಯ ಹಿತ್ತಲಿಗೆಂದೇ ರೂಪಿಸಿದ ತಳಿಗಳು. ಬೆಂಗಳೂರಿನ ಹೆಬ್ಬಾಳದ ಗಿರಿರಾಜವೂ ಇದೇ ಜಾತಿಯದು. ಹೆಚ್ಚು ಮೊಟ್ಟೆ, ಹೆಚ್ಚು ಮಾಂಸ ಕೊಡುವ ಈ ಕೋಳಿಗಳಿಗೆ ಕೆದಕಾಟದ ಜೊತೆಗೆ ಒಂದಿಷ್ಟು ಆಹಾರವನ್ನೂ ಕೊಡಬೇಕು. ತಿಪ್ಪೆಯೇ ಇಲ್ಲದ ನಗರದ ತಾರಸಿಯಲ್ಲಂತೂ ಎಲ್ಲವನ್ನೂ ನಾವೇ ಕೊಡಬೇಕು. ಮೊಳಕೆ ಮೇವಿನ ತಟ್ಟೆಗೆ ಬೇಡಿಕೆ ಬಂದದ್ದು ಈ ಕೊರತೆಯಿಂದ.

ಕಾಳನ್ನು ರಾತ್ರಿ ನೆನೆಸಿ, ಬಸಿದು, ತಟ್ಟೆಯಲ್ಲಿ ತೆಳ್ಳಗೆ ಹರಡಿ ನೀರು ಚಿಮುಕಿಸುತ್ತಿದ್ದರೆ ವಾರದಲ್ಲಿ ಹಸಿರು ಚಾಪೆ ಸಿದ್ಧ. ಒಂದು ಕಿಲೋ ಮೆಕ್ಕೆಜೋಳ ಹಲವು ಕಿಲೋ ಆಗಿ ಕಾಣುತ್ತದೆ. ಆದರೆ ಹೆಚ್ಚಿದ್ದು ನೀರಿನ ತೂಕ. ಮೊಳೆಯುವಾಗ ಕಾಳು ತನ್ನದೇ ಪಿಷ್ಟವನ್ನು ಉರಿಸಿಕೊಳ್ಳುವುದರಿಂದ ಒಣ ಸತ್ವ ಕಡಿಮೆಯೇ ಆಗುತ್ತದೆ. ಹೆಚ್ಚುವುದು ಕ್ಯಾರೋಟಿನ್, ವಿಟಮಿನ್ ಇ ಮುಂತಾದವು. ಹಸಿರಿನ ಬಣ್ಣದ್ರವ್ಯಗಳಿಂದ ಮೊಟ್ಟೆಯ ಹಳದಿಗೂ ರಂಗೇರುತ್ತದೆ. ಆದ್ದರಿಂದ ಮೊಳಕೆ ಬೇಲಿಯ ಹಸಿರಿಗೆ ಬದಲಿಯಾದೀತು, ಕಣದ ಕಾಳಿಗಲ್ಲ. ಅದನ್ನೇ ನಂಬಿ ದಾಣಿ ನಿಲ್ಲಿಸಿದರೆ ಕೋಳಿ ಹೊಟ್ಟೆ ತುಂಬಿಯೂ ಸೊರಗುತ್ತದೆ.

ಈ ಸೀಮೆಯವರು ನೆನಪಿಡಬೇಕಾದ ಇನ್ನೊಂದು ಮಾತಿದೆ. ಇಲ್ಲಿ ಮೊದಲು ಕೈಗೆ ಸಿಗುವ ಕಾಳು ಜೋಳ. ಆದರೆ ಎಳೆಜೋಳ ಮೇದ ದನ ಸಾಯುವುದನ್ನು ರೈತರು ಬಲ್ಲರು. ಅದಕ್ಕೆ ಕಾರಣವಾದ, ಸಯನೈಡ್ ಬಿಡುವ ಧುರಿನ್ ಎಂಬ ವಸ್ತುವನ್ನು 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಗುರುತಿಸಿದರು. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ಅದು ಮೊಳಕೆಯ ಎಳೆ ಚಿಗುರಿನಲ್ಲಿ ತುಂಬಿಕೊಳ್ಳುತ್ತದೆ. ಹಾಗಾಗಿ ಜೋಳವನ್ನು ಒಣಕಾಳಾಗಿ, ನುಚ್ಚಾಗಿ ಹಾಕಿ. ಹಸಿರಿಗೆ ಗೋಧಿ ಅಥವಾ ಮೆಕ್ಕೆಜೋಳ ಮೊಳೆಸಿ. ಬೂಸ್ಟು ಹಿಡಿದ ತಟ್ಟೆಯನ್ನು ಇಡಿಯಾಗಿ ಎಸೆಯಿರಿ. ಅಜ್ಜಿಯರು ಜೋಳದ ಕಾಳನ್ನು ಅಂಗಳಕ್ಕೆ ಎರಚುತ್ತಿದ್ದದ್ದು ಒಣಗಿದ್ದನ್ನೇ.