ಕಾತ್ರಜ ಘಾಟಿನ ದಾರಿಯಲ್ಲಿ ಕನ್ನಡದ ಮೂಕಿ ಸಿನಿಮಾ

ಬೆಂಗಳೂರು ಹೆದ್ದಾರಿಯಲ್ಲಿ ಪುಣೆಗೆ ಬರುವವರಿಗೆ ಊರಿನ ತಲೆಬಾಗಿಲು ಕಾತ್ರಜ. ಘಾಟು ಇಳಿದರೆ ನಾನಾಸಾಹೇಬ ಪೇಶ್ವೆ 18ನೇ ಶತಮಾನದಲ್ಲಿ ಕಟ್ಟಿಸಿದ ಕೆರೆ. ಅದರ ನೀರು ನೆಲದಡಿಯ ಕಾಲುವೆಗಳಲ್ಲಿ ಹರಿದು ಹಳೆ ಪೇಟೆಯ ಹೌದಗಳನ್ನು, ಅಂದರೆ ನೀರಿನ ತೊಟ್ಟಿಗಳನ್ನು, ತುಂಬುತ್ತಿತ್ತು. ಬೆಳಗಾವಿ, ಹುಬ್ಬಳ್ಳಿ ಕಡೆಯ ಬಸ್ಸುಗಳು ನಸುಕಿನಲ್ಲಿ ಇಲ್ಲಿ ನಿಂತಾಗ ಚೌಕದಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಅದೇ ರಸ್ತೆಯಲ್ಲಿ ಹಿಂದಕ್ಕೆ ಹೋದರೆ ಸಾತಾರ, ಕರಾಡ, ಕೊಲ್ಲಾಪುರ, ನಿಪ್ಪಾಣಿ. ನಮ್ಮ ಮೂಕಿ ಸಿನಿಮಾದ ಕಥೆಯನ್ನು ಬೆಂಗಳೂರಿನಲ್ಲಿ ಕೂತು ಬರೆದರೆ ಅರ್ಧವೇ ಸಿಗುತ್ತದೆ, ಉಳಿದರ್ಧ ಈ ರಸ್ತೆಯಲ್ಲಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕನ್ನಡ ಚಿತ್ರರಂಗದ ಚರಿತ್ರೆಯನ್ನು ನಾವು 1934ರ ಮಾರ್ಚ್ 3ರಂದು ತೆರೆಕಂಡ ‘ಸತಿ ಸುಲೋಚನ’ದಿಂದ ಎಣಿಸುತ್ತೇವೆ. ಆ ಮೊದಲ ಟಾಕಿಯ ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಕನ್ನಡದ ನಟರು ಕೊಲ್ಲಾಪುರಕ್ಕೆ ಯಾಕೆ ಹೋದರು? ಅಲ್ಲಿ ಅದಾಗಲೇ ಹದಿನೈದು ವರ್ಷಗಳ ಕಸುಬಿತ್ತು. ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿ ತನ್ನ ಕ್ಯಾಮೆರಾವನ್ನು ತಾನೇ ತಯಾರಿಸಿಕೊಂಡು 1920ರಲ್ಲಿ ‘ಸೈರಂಧ್ರಿ’ಯನ್ನು ತೆರೆಗೆ ತಂದಿತ್ತು. ಪೇಂಟರ್ ಹೆಸರಿಗೆ ತಕ್ಕಂತೆ ಚಿತ್ರಕಾರರು. ನಾಟಕದ ಪರದೆ ಬರೆದ ಕೈಯೇ ಸಿನಿಮಾದ ಚೌಕಟ್ಟನ್ನೂ ಕಟ್ಟಿತು. ಕಾತ್ರಜದ ಗುಡ್ಡಗಳಿಂದ ಸಿಂಹಗಡದವರೆಗೆ ಪುಣೆಯ ಹುಡುಗರು ಇವತ್ತಿಗೂ ರಾತ್ರಿ ಚಾರಣ ಹೋಗುತ್ತಾರೆ. ಆ ಕೋಟೆಗಾಗಿ ತಾನಾಜಿ ಪ್ರಾಣ ಕೊಟ್ಟ ಕಥೆಯನ್ನು ಪೇಂಟರ್ 1923ರಲ್ಲಿ ‘ಸಿಂಹಗಡ’ ಎಂದು ತೆಗೆದರು. ಅಲ್ಲಿಯವರೆಗೆ ಸೂರ್ಯನ ಬೆಳಕನ್ನೇ ನಂಬಿದ್ದ ನಮ್ಮ ಸಿನಿಮಾ ರಾತ್ರಿಯ ದೃಶ್ಯಕ್ಕಾಗಿ ಕೃತಕ ದೀಪ ಹಚ್ಚಿದ್ದು ಅದರಲ್ಲಿ. 1925ರ ‘ಸಾವಕಾರಿ ಪಾಶ’ದಲ್ಲಿ ಬಡ್ಡಿಗೆ ಹೊಲ ಕಳೆದುಕೊಂಡ ರೈತನ ಪಾತ್ರ ಮಾಡಿದ ಯುವಕ ವಿ. ಶಾಂತಾರಾಮ್. ಅವರೂ ದಾಮ್ಲೆ, ಫತ್ತೇಲಾಲ್, ಧಾಯಬರ್ ಅವರೂ ಹೊರಬಂದು 1929ರಲ್ಲಿ ಕೊಲ್ಲಾಪುರದಲ್ಲೇ ಪ್ರಭಾತ್ ಕಟ್ಟಿದರು, 1933ರಲ್ಲಿ ಕಂಪನಿಯನ್ನು ಪುಣೆಗೆ ತಂದರು. ಕನ್ನಡ ನಾಟಕ ಕಂಪನಿಗಳಿಗೆ ಈ ಸೀಮೆ ಹೊಸದಲ್ಲ. ಮರಾಠಿ ರಂಗಭೂಮಿಯ ಪರದೆ, ಪದ, ಪೋಷಾಕುಗಳ ಕೊಡುಕೊಳ್ಳುವಿಕೆ ಅದಕ್ಕೂ ಹಿಂದಿನದು. ಸಿನಿಮಾ ಅದೇ ಹಳೆಯ ಜಾಡು ಹಿಡಿಯಿತು.

ಇತ್ತ ಮೈಸೂರು ಸಂಸ್ಥಾನದಲ್ಲಿ ಕೆಲಸ ತಡವಾಗಿ ಆರಂಭವಾದರೂ ಬಡವಾಗಿರಲಿಲ್ಲ. ಗುಜರಾತಿನ ಹರಿಭಾಯಿ ದೇಸಾಯಿ ಬೆಂಗಳೂರಿನಲ್ಲಿ ಸೂರ್ಯ ಫಿಲ್ಮ್ ಕಂಪನಿ ನಡೆಸಿದರು. ಗುಬ್ಬಿ ವೀರಣ್ಣನವರು ನಾಟಕದ ದುಡ್ಡನ್ನು ಸಿನಿಮಾಕ್ಕೆ ಹಾಕಿದರು. ಬೆಲ್ಜಿಯಂ ಮೂಲದ ರಾಫೆಲ್ ಆಲ್ಗೊಯೆ ನಿರ್ದೇಶಿಸಿದ ‘ಹಿಸ್ ಲವ್ ಅಫೇರ್’ನಲ್ಲಿ ತಾವೂ ಪತ್ನಿ ಜಯಮ್ಮನವರೂ ನಟಿಸಿದರು, ‘ಹರಿಮಾಯ’ವನ್ನು ವೈ.ವಿ. ರಾವ್ ಕೈಯಲ್ಲಿ ಮಾಡಿಸಿದರು. ಇದೇ ರಾವ್ ಮುಂದೆ ‘ಸತಿ ಸುಲೋಚನ’ದ ನಿರ್ದೇಶಕ.

ನನ್ನನ್ನು ಬಹಳ ಕಾಡುವುದು ಮೋಹನ ಭವನಾನಿ 1930ರ ಆಸುಪಾಸಿನಲ್ಲಿ ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿ ತೆಗೆದ ‘ವಸಂತಸೇನಾ’. ವಸಂತಸೇನೆಯಾಗಿ ಏಣಾಕ್ಷಿ ರಾಮರಾವ್. ಜೊತೆಗೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ, ನಮ್ಮ ಟಿ.ಪಿ. ಕೈಲಾಸಂ. ಮರ್ಯಾದಸ್ಥ ಮನೆಯ ಹೆಂಗಸರು ಕ್ಯಾಮೆರಾದ ಎದುರು ನಿಲ್ಲುವುದು ಊಹೆಗೂ ಮೀರಿದ್ದ ಕಾಲದಲ್ಲಿ ಕಮಲಾದೇವಿ ನಿಂತರು. ಮಾತನ್ನೇ ಉಸಿರಾಡುತ್ತಿದ್ದ ಕೈಲಾಸಂ ಮಾತಿಲ್ಲದ ತೆರೆಯ ಮೇಲೆ ಏನು ಮಾಡಿದರು? ಒಂದೇ ಒಂದು ನಿಮಿಷ ನೋಡಲು ಸಿಕ್ಕಿದ್ದರೆ ಕನ್ನಡ ರಂಗಭೂಮಿಯ ಅಭಿನಯದ ಬಗ್ಗೆ ನೂರು ಪುಟ ಬರೆಯಬಹುದಿತ್ತು. ಚಿತ್ರ ಉಳಿದಿಲ್ಲ. ‘ಹರಿಮಾಯ’ವೂ ಇಲ್ಲ. ಟಾಕಿಯಾದ ‘ಸತಿ ಸುಲೋಚನ’ವೇ ಇಲ್ಲದ ಮೇಲೆ ಮೂಕಿಗಳ ಪಾಡೇನು!

ಈ ಭವನಾನಿ ಜರ್ಮನಿಯ ಊಫಾ ಸ್ಟುಡಿಯೋದಲ್ಲಿ ಸಿನಿಮಾ ಕಲಿತವರು. ಲಂಡನ್ನಿನ ಆಲ್‌ಫ್ರೆಡ್ ಹಿಚ್‌ಕಾಕ್ ಕೂಡ 1924ರಲ್ಲಿ ಅದೇ ಊಫಾದ ಬಾಬೆಲ್ಸ್‌ಬರ್ಗ್ ಅಂಗಳದಲ್ಲಿ ಸಹಾಯಕನಾಗಿ ದುಡಿಯುತ್ತ, ಜರ್ಮನ್ ನಿರ್ದೇಶಕ ಮೂರ್ನೌ ತಮ್ಮ ‘ದಿ ಲಾಸ್ಟ್ ಲಾಫ್’ ಚಿತ್ರೀಕರಿಸುವುದನ್ನು ಹತ್ತಿರದಿಂದ ಕಂಡ. ಮರುವರ್ಷ ಅವನ ಮೊದಲ ಚಿತ್ರ ‘ದಿ ಪ್ಲೆಷರ್ ಗಾರ್ಡನ್’ ಮ್ಯೂನಿಕ್‌ನ ಎಮೆಲ್ಕಾ ಕಂಪನಿಯ ಸಹಯೋಗದಲ್ಲಿ ತಯಾರಾಯಿತು. ಅದೇ ವರ್ಷ, ಅದೇ ಎಮೆಲ್ಕಾದ ಫ್ರಾಂಜ್ ಓಸ್ಟೆನ್ ಭಾರತಕ್ಕೆ ಬಂದು ಹಿಮಾಂಶು ರಾಯ್ ಜೊತೆ ಬುದ್ಧನ ಕಥೆಯ ‘ಪ್ರೇಮ ಸಂನ್ಯಾಸ’ ತೆಗೆದ. ಸಸ್ಪೆನ್ಸ್ ಸಿನಿಮಾದ ದೊಡ್ಡ ಹೆಸರೂ ನಮ್ಮ ಮೂಕಿ ಯುಗವೂ ಒಂದೇ ಪಾಠಶಾಲೆಯ ಬೆಂಚು ಹಂಚಿಕೊಂಡಿದ್ದವು. ಆಮೇಲಿನ ಭಾಗ್ಯ ಮಾತ್ರ ಬೇರೆ.

ಹಿಚ್‌ಕಾಕ್ 1925ರಿಂದ 1929ರವರೆಗೆ ಹತ್ತು ಮೂಕಿ ಚಿತ್ರಗಳನ್ನು ನಿರ್ದೇಶಿಸಿದ. ಒಂಬತ್ತು ಉಳಿದಿವೆ; ‘ದಿ ಮೌಂಟನ್ ಈಗಲ್’ ಒಂದೇ ಕಾಣೆ. ಉಳಿದವನ್ನು ಸಾಲಾಗಿ ನೋಡಿದಾಗ ಒಬ್ಬ ನಿರ್ದೇಶಕ ಬೆಳೆಯುವುದು ಕಣ್ಣೆದುರೇ ಕಾಣುತ್ತದೆ. ಮೊದಲ ಚಿತ್ರ ತೆರೆದುಕೊಳ್ಳುವುದೇ ಸುರುಳಿ ಮೆಟ್ಟಿಲಿನಲ್ಲಿ ದಡದಡ ಇಳಿಯುವ ನರ್ತಕಿಯರ ಕಾಲುಗಳಿಂದ, ಅವರನ್ನು ಕನ್ನಡಕ ಏರಿಸಿಕೊಂಡು ದಿಟ್ಟಿಸುವ ಗಂಡಸರಿಂದ. ನೋಡುವವನನ್ನೇ ನೋಡುವ ಆ ಚಟ ಹಿಚ್‌ಕಾಕ್‌ನನ್ನು ಕೊನೆಯವರೆಗೂ ಬಿಡಲಿಲ್ಲ. ‘ದಿ ಲಾಡ್ಜರ್’ನಲ್ಲಿ ಕೊಲೆಗಾರ ಎಂಬ ಅನುಮಾನಕ್ಕೆ ಗುರಿಯಾದ ಬಾಡಿಗೆದಾರ ಮಹಡಿಯ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಾನೆ. ಕೆಳಗಿನ ಮನೆಯವರು ತಲೆಯೆತ್ತುತ್ತಾರೆ, ತೂಗುದೀಪ ಅಲ್ಲಾಡುತ್ತದೆ, ತಾರಸಿ ಪಾರದರ್ಶಕವಾಗಿ ಅವನ ಅಂಗಾಲುಗಳು ಕಾಣುತ್ತವೆ. ದಪ್ಪ ಗಾಜಿನ ನೆಲ ಹಾಕಿಸಿ ಕೆಳಗಿನಿಂದ ತೆಗೆದ ದೃಶ್ಯ ಅದು. ಸದ್ದಿಲ್ಲದ ಸಿನಿಮಾದಲ್ಲಿ ಹೆಜ್ಜೆಯ ಸದ್ದನ್ನು ಕಣ್ಣಿಗೆ ಕೇಳಿಸುವ ಈ ಉಪಾಯವನ್ನು ನಾನು ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ. ಅದೇ ಚಿತ್ರಕ್ಕೆ ಮೊದಲು ಬರೆದಿದ್ದ ಅಕ್ಷರಫಲಕಗಳನ್ನು ಸಂಕಲನದಲ್ಲಿ ಐವರ್ ಮಾಂಟಾಗು ನಿರ್ದಾಕ್ಷಿಣ್ಯವಾಗಿ ಕತ್ತರಿಸಿದ. ಫಲಕ ಬರೆಯುವ ಕೆಲಸದಿಂದಲೇ ಸಿನಿಮಾಕ್ಕೆ ಬಂದ ಹಿಚ್‌ಕಾಕ್‌ಗೆ ಇದು ದೊಡ್ಡ ಪಾಠವಾಗಿರಬೇಕು.

ಈ ಒಂಬತ್ತನ್ನೂ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2012ರಲ್ಲಿ ಪುನರುಜ್ಜೀವಗೊಳಿಸಿತು. ಬೇರೆ ಬೇರೆ ದೇಶಗಳ ಪ್ರತಿಗಳನ್ನು ಹೋಲಿಸಿ ‘ಪ್ಲೆಷರ್ ಗಾರ್ಡನ್’ಗೆ ಸುಮಾರು 20 ನಿಮಿಷಗಳಷ್ಟು ಕಳೆದುಹೋದ ಭಾಗವನ್ನು ಮರಳಿಸಿದರು. ‘ಲಾಡ್ಜರ್’ಗೆ ಹೊಸ ಸಂಗೀತ ಬರೆದವರು ಭಾರತೀಯ ಮೂಲದ ನಿತಿನ್ ಸಾಹ್ನಿ, ಓಸ್ಟೆನ್–ರಾಯ್ ಜೋಡಿಯ ‘ಎ ಥ್ರೋ ಆಫ್ ಡೈಸ್’ಗೂ ಅವರದೇ ಸಂಗೀತ. ಓಸ್ಟೆನ್‌ನ ಚಿತ್ರಗಳು ಯುರೋಪಿನ ಕಪಾಟುಗಳಲ್ಲಿದ್ದವು, ಉಳಿದವು. ನಮ್ಮ ನೆಲದಲ್ಲೇ ಇದ್ದವು ಅಳಿದವು.

ಅಳಿದ ಬಗೆಯನ್ನು ಹೇಳಬೇಕು. ಆಗಿನ ಫಿಲ್ಮು ನೈಟ್ರೇಟಿನದು. ಹೊತ್ತಿಕೊಂಡರೆ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಕೊಟ್ಟುಕೊಳ್ಳುವುದರಿಂದ ನೀರು ಸುರಿದರೂ ಆರುವುದಿಲ್ಲ. ಉರಿಯದಿದ್ದರೆ ನಮ್ಮ ಸೆಕೆಯಲ್ಲಿ ಅಂಟಾಗಿ, ಕೊನೆಗೆ ಕಂದು ಪುಡಿಯಾಗುತ್ತದೆ. ಎಲ್ಲಕ್ಕಿಂತ ಕ್ರೂರವಾದದ್ದು ಬೆಳ್ಳಿಯ ವ್ಯಾಪಾರ. ಟಾಕಿ ಬಂದ ಮೇಲೆ ಮೂಕಿಯ ರೀಲಿಗೆ ಬೆಲೆಯಿಲ್ಲ, ಅದರ ಲೇಪದಲ್ಲಿರುವ ಬೆಳ್ಳಿಗೆ ಇದೆ. ರೀಲುಗಳನ್ನು ತೊಳೆದು ಬೆಳ್ಳಿ ತೆಗೆದು ಮಾರಿದರು. ಭಾರತದ ಮೊದಲ ಟಾಕಿ ‘ಆಲಂ ಆರಾ’ಕ್ಕೂ ಇದೇ ಗತಿಯಾಯಿತೆಂದು ಚಿತ್ರಸಂಗ್ರಹಕಾರ ಪಿ.ಕೆ. ನಾಯರ್ ಹೇಳುತ್ತಿದ್ದರು. 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳು ಈ ದೇಶದಲ್ಲಿ ತಯಾರಾದವು. ಇಂದು ಉಳಿದಿರುವುದು, ತುಂಡುಗಳೂ ಸೇರಿ, ಕೆಲವೇ ಡಜನ್.

ಅಷ್ಟಾದರೂ ಇರುವುದು ಪುಣೆಯಿಂದ. 1964ರಲ್ಲಿ ಇಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಯಿತು. ಕೇರಳದ ನಾಯರ್ ಅದನ್ನು 1991ರವರೆಗೆ ಕಟ್ಟಿದರು. ಫಾಲ್ಕೆ ಮನೆಯವರಿಂದ ರೀಲು ತಂದರು. ‘ಕಾಲಿಯ ಮರ್ದನ’ದ ಆರಂಭದಲ್ಲಿ ಫಾಲ್ಕೆಯ ಪುಟ್ಟ ಮಗಳು ಮಂದಾಕಿನಿ ಕ್ಯಾಮೆರಾಕ್ಕೆ ಮುಖ ಕೊಟ್ಟು ಒಂದರ ಹಿಂದೊಂದು ಭಾವ ತೋರಿಸುತ್ತಾಳೆ, ಆಮೇಲೆ ಕೃಷ್ಣನಾಗುತ್ತಾಳೆ. 1919ರ ಆ ಮಗುವಿನ ಕಣ್ಣಿನ ತುಂಟತನ ನಮಗೆ ದಕ್ಕಿದ್ದು ಇವರಿಂದ. ಕನ್ನಡಕ್ಕೆ ನಾಯರ್ ಮಾಡಿದ ಉಪಕಾರ ಇನ್ನೊಂದು ದಾರಿಯದು. ಕೆ.ವಿ. ಸುಬ್ಬಣ್ಣನವರ ಹೆಗ್ಗೋಡಿಗೆ ಅವರು ಪುಣೆಯಿಂದ ಚಿತ್ರಗಳನ್ನು ಕಳಿಸಿದರು. ಸಿನಿಮಾ ಅಧ್ಯಾಪಕ ಸತೀಶ್ ಬಹಾದೂರ್ ಅಲ್ಲಿ ಪಾಠ ಮಾಡಿದರು. ಅಡಿಕೆ ತೋಟದ ಜನ ಜಪಾನಿನ, ಇಟಲಿಯ ಸಿನಿಮಾ ನೋಡಿ ಚರ್ಚಿಸಿದರು. ಗಿರೀಶ್ ಕಾರ್ನಾಡ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ದಿನಗಳಲ್ಲೇ ಗಿರೀಶ್ ಕಾಸರವಳ್ಳಿ ಅಲ್ಲಿ ವಿದ್ಯಾರ್ಥಿ. ಆ ಕಲಿಕೆ ನಡೆದದ್ದು ಹಳೆಯ ಪ್ರಭಾತ್ ಅಂಗಳದಲ್ಲಿ, ಅಂದರೆ ಕೊಲ್ಲಾಪುರದವರು ಬಂದು ನೆಲೆಸಿದ ಜಾಗದಲ್ಲಿ. 2003ರ ಜನವರಿಯಲ್ಲಿ ಅದೇ ಆವರಣದ ನೈಟ್ರೇಟ್ ಕೋಠಿಗೆ ಬೆಂಕಿ ಬಿದ್ದು ಮೂಲ ರೀಲುಗಳು ಸುಟ್ಟವು.

ಅಧ್ಯಯನದ ಕಡೆಯಿಂದ ನೋಡಿದರೆ, ಮೊದಲು ಬಂದವು ನೆನಪಿನ ಬರಹಗಳು. 1994ರಲ್ಲಿ ಇಟಲಿಯ ಪೋರ್ಡೆನೋನೆ ಮೂಕಿ ಉತ್ಸವಕ್ಕಾಗಿ ಸುರೇಶ್ ಛಾಬ್ರಿಯಾ ಸಂಪಾದಿಸಿದ ಗ್ರಂಥ, ಅದರಲ್ಲಿನ ವೀರಚಂದ್ ಧರಮ್ಸಿ ಅವರ ಚಿತ್ರಸೂಚಿ, ಅದೇ ವರ್ಷ ಬಂದ ರಾಜಾಧ್ಯಕ್ಷ–ವಿಲೆಮನ್ ಅವರ ವಿಶ್ವಕೋಶ, ಇವು ಕ್ಷೇತ್ರಕ್ಕೆ ಅಡಿಪಾಯ ಹಾಕಿದವು. ಚಿತ್ರವೇ ಇಲ್ಲದಾಗ ಕರಪತ್ರ, ಸೆನ್ಸಾರ್ ದಾಖಲೆ, ಸ್ಥಿರಚಿತ್ರ, ಜಾಹೀರಾತುಗಳಿಂದ ಚರಿತ್ರೆ ಬರೆಯುವುದನ್ನು ಈ ಪೀಳಿಗೆ ಕಲಿಸಿತು. ಭಾರತದ ಸಿನಿಮಾ ಸ್ಥಿತಿಯನ್ನು ವಿಚಾರಿಸಿದ 1927–28ರ ರಂಗಾಚಾರಿಯಾರ್ ಸಮಿತಿಯ ಸಾಕ್ಷ್ಯ ಸಂಪುಟಗಳಲ್ಲಿ ಟೆಂಟಿನ ಮಾಲೀಕರಿಂದ ಅಧ್ಯಾಪಕರವರೆಗೆ ಸಿನಿಮಾದ ಬಗ್ಗೆ ಆಡಿದ ಮಾತುಗಳಿವೆ. ಕನ್ನಡ ನಾಡಿನ ಪಾಲನ್ನು ಅವುಗಳಿಂದ ಹೆಕ್ಕಿ ತೆಗೆಯುವ ಕೆಲಸ ಒಬ್ಬ ಶ್ರದ್ಧಾವಂತ ಸಂಶೋಧಕನಿಗೆ ಕಾದಿದೆ.

ರೀಲುಗಳ ಆಸೆಯನ್ನೂ ಬಿಡಬೇಕಾಗಿಲ್ಲ. ಹಿಚ್‌ಕಾಕ್ ಸಹಾಯಕನಾಗಿ ದುಡಿದ ‘ದಿ ವೈಟ್ ಶ್ಯಾಡೋ’ದ ಮೂರು ರೀಲುಗಳು 2011ರಲ್ಲಿ ಸಿಕ್ಕಿದ್ದು ನ್ಯೂಜಿಲೆಂಡಿನಲ್ಲಿ. ನಮ್ಮ ಪಕ್ಕದಲ್ಲೇ 1933ರ ‘ಮಾರ್ತಾಂಡ ವರ್ಮ’ ಹಕ್ಕುಸ್ವಾಮ್ಯದ ಜಗಳದಲ್ಲಿ ಸಿಕ್ಕಿಕೊಂಡು ತಿರುವನಂತಪುರದ ಕಮಲಾಲಯ ಪುಸ್ತಕದಂಗಡಿಯಲ್ಲಿ ದಶಕಗಳ ಕಾಲ ಬಿದ್ದಿತ್ತು. ಮೊಕದ್ದಮೆಯೇ ಅದನ್ನು ಕಾಪಾಡಿತು. 1974ರಲ್ಲಿ ಪುಣೆಯವರು ಅದನ್ನು ತಂದು ದಕ್ಷಿಣ ಭಾರತದ ಮೂಕಿ ಯುಗಕ್ಕೆ ಒಂದು ಮುಖ ಕೊಟ್ಟರು. ಹಾಗಾಗಿ ಗುಬ್ಬಿ ಕಂಪನಿಯ ಹಳೆಯ ಸಾಮಾನು ಕಂಡ ಮನೆಗಳಲ್ಲಿ, ಕೊಲ್ಲಾಪುರ–ಬೆಳಗಾವಿಯ ಹಳೆ ಥಿಯೇಟರುಗಳ ಅಟ್ಟದಲ್ಲಿ, ವಿತರಕರ ಗೋದಾಮಿನಲ್ಲಿ, ಹೂಡಿಕೆದಾರರ ಕೋರ್ಟು ಕಾಗದಗಳ ಜೊತೆ ತುಕ್ಕು ಹಿಡಿದ ಡಬ್ಬಿ ಕಂಡರೆ ಗುಜರಿಗೆ ಹಾಕಬಾರದು, ಬಿಸಿಲಲ್ಲಿ ಬಿಚ್ಚಿ ನೋಡಲೂಬಾರದು. ತಂಪಿನಲ್ಲಿಟ್ಟು ಪುಣೆಯ ಸಂಗ್ರಹಾಲಯಕ್ಕೆ ಒಂದು ಪತ್ರ ಬರೆಯಬೇಕು.