ಶಕ 1353ಕ್ಕೆ 78 ಕೂಡಿಸಿದರೆ ಸಾಲದು: ಕಾರ್ಕಳದ ಶಾಸನಗಳು ಮತ್ತು ಲಿಂಕ್ಡ್ ಡೇಟಾ

ನಿಟ್ಟೆಯಿಂದ ಕಾರ್ಕಳ ಹತ್ತು ಕಿಲೋಮೀಟರ್ ಆಸುಪಾಸು. ಮನೆಗೆ ನೆಂಟರು ಬಂದರೆ ಗೊಮ್ಮಟ ಬೆಟ್ಟಕ್ಕೆ ಕರ್ಕೊಂಡು ಹೋಗುವುದು ನನ್ನ ಕೆಲಸ. ಹಾಗೆ ಒಮ್ಮೆ ಹೋದಾಗ ಸ್ವಲ್ಪ ಗತ್ತಿನಲ್ಲೇ, "ಈ ವಿಗ್ರಹ ಪ್ರತಿಷ್ಠೆ ಆದದ್ದು ಶಕ 1353, ಅಂದ್ರೆ 1431ರಲ್ಲಿ" ಎಂದು ವಿವರಿಸುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಕೇಳಿದರು: "ಶಾಸನದಲ್ಲಿ ತಿಂಗಳು ಫಾಲ್ಗುಣ ಅಂತ ಉಂಟಲ್ಲ? ಫಾಲ್ಗುಣ ಬರುವಾಗ ಇಂಗ್ಲಿಷ್ ವರ್ಷ ಮುಂದೆ ಹೋಗಿರ್ತದಲ್ಲ ಮಾರಾಯ್ರೆ?"

ಅವರು ಹೇಳಿದ್ದು ಸರಿ. ಶಕವರ್ಷ ಶುರುವಾಗುವುದು ಚೈತ್ರದಲ್ಲಿ. ಡಿಸೆಂಬರ್ ಮುಗಿಯುವವರೆಗೆ 78 ಕೂಡಿಸಬೇಕು, ಆಮೇಲೆ 79. ಶಕ 1353 ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿ ಬುಧವಾರ ಎಂದರೆ 1432ರ ಫೆಬ್ರವರಿ 13. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಆದರೆ ನನ್ನ ಎಕ್ಸೆಲ್ ಶೀಟಿಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ಕರಾವಳಿಯ ಶಾಸನಗಳನ್ನು ಪುಸ್ತಕಗಳಿಂದ ತೆಗೆದು ಅದರಲ್ಲಿ ತುಂಬಿಸುತ್ತಾ ಬಂದಿದ್ದೆ. ಊರು, ಅರಸ, ಶಕ, ಕ್ರಿಸ್ತಶಕ, ಸಾರಾಂಶ. ಕ್ರಿಸ್ತಶಕದ ಕಾಲಮ್ಮಿಗೆ ಒಂದೇ ಸೂತ್ರ ಹಾಕಿ ಕೆಳಗಿನವರೆಗೂ ಎಳೆದಿದ್ದೆ. ಒಂದು ಮನೆಯ ತಪ್ಪು ಎಲ್ಲಾ ಸಾಲುಗಳಿಗೂ ಹೋಗಿತ್ತು. ಶೀಟನ್ನು ಕೇಳಿದವರಿಗೆಲ್ಲ ಕೊಟ್ಟೂ ಆಗಿತ್ತು.

ಶೀಟನ್ನು ಬಿಟ್ಟು ಬೇರೆ ದಾರಿ ಹುಡುಕಿದ್ದು ಅಲ್ಲಿಂದ. ಸಿಕ್ಕಿದ್ದು ಆರ್‌ಓ-ಕ್ರೇಟ್ ಎಂಬ ಪದ್ಧತಿ, ಅದನ್ನು ಬಳಸಲು ಇರುವ ಪೈಥಾನ್ ಲೈಬ್ರರಿ. ಇದು ವಿಜ್ಞಾನಿಗಳಿಗಾಗಿ ಆದದ್ದು, ಶಾಸನದವರಿಗಲ್ಲ. 2019ರಲ್ಲಿ ಮೊದಲ ಆವೃತ್ತಿ ಬಂತು. ಒಂದು ಸಂಶೋಧನೆಯ ಕಡತಗಳನ್ನೆಲ್ಲ ಒಂದು ಫೋಲ್ಡರಿನಲ್ಲಿಟ್ಟು, ಯಾವುದು ಏನು, ಯಾರು ಮಾಡಿದ್ದು, ಯಾವುದರಿಂದ ಯಾವುದು ಹುಟ್ಟಿತು ಎಂಬುದನ್ನು ಜೊತೆಗೇ ಇರುವ ಒಂದು ಜೇಸನ್ ಕಡತದಲ್ಲಿ ಬರೆದಿಡುವುದು, ಇಷ್ಟೇ ಅದರ ಕೆಲಸ. ಕಲ್ಲು, ಫೋಟೋ, ಪಡಿಯಚ್ಚು, ಪಾಠ, ಅರಸ, ಊರು, ಪ್ರತಿಯೊಂದಕ್ಕೂ ಒಂದು ಐಡಿ. ಹೇಳಬೇಕಾದ್ದೆಲ್ಲ ಒಂದು ಐಡಿಯಿಂದ ಇನ್ನೊಂದಕ್ಕೆ ಎಳೆದ ಗೆರೆ. ಲಿಂಕ್ಡ್ ಡೇಟಾ ಅನ್ನುವುದು ಇದನ್ನೇ.

ಶಾಸನಗಳಿಗೆ ನಂಬರ್ ಇಲ್ಲವಾ ಅಂತ ನೀವು ಕೇಳಬಹುದು. ಇದೆ, ಆದರೆ ಆ ನಂಬರ್ ಪುಸ್ತಕದ್ದು, ಕಲ್ಲಿನದ್ದಲ್ಲ. ಶ್ರವಣಬೆಳಗೊಳವನ್ನೇ ನೋಡಿ. 1889ರಲ್ಲಿ ಬಿ.ಎಲ್. ರೈಸ್ ಅವರ ಸಂಪುಟದಲ್ಲಿ ಇದ್ದದ್ದು 144 ಶಾಸನ. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕೃತ ಸಂಪುಟದಲ್ಲಿ 500. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573. ಪ್ರತಿಸಲವೂ ಹೊಸ ನಂಬರ್. ಹಾಗಾಗಿ ಹಳೆಯ ಲೇಖನದಲ್ಲಿ "ಶ್ರವಣಬೆಳಗೊಳ ಇಷ್ಟನೇ ಸಂಖ್ಯೆ" ಅಂತ ಕಂಡರೆ ಲೇಖಕರ ಮೇಜಿನ ಮೇಲೆ ಯಾವ ಆವೃತ್ತಿ ಇತ್ತು ಅಂತ ಮೊದಲು ಪತ್ತೆ ಮಾಡಬೇಕು. ನಮ್ಮ ಕಡೆಯದ್ದು ಇನ್ನೊಂದು ಕಥೆ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದದ್ದರಿಂದ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಕಾರ್ಕಳ ಇಲ್ಲ. ಗೊಮ್ಮಟನ ಶಾಸನಗಳನ್ನು ಪ್ರಕಟಿಸಿದ್ದು ಹುಲ್ಟ್ಶ್, ಎಪಿಗ್ರಾಫಿಯಾ ಇಂಡಿಕಾದ 7ನೇ ಸಂಪುಟದಲ್ಲಿ. ಚತುರ್ಮುಖ ಬಸದಿಯದ್ದು ಮುಂದಿನ ಸಂಪುಟದಲ್ಲಿ, ಎಚ್. ಕೃಷ್ಣಶಾಸ್ತ್ರಿಗಳಿಂದ. ನಾನು ಕಲ್ಲಿಗೆ ಒಂದು ಐಡಿ ಕೊಟ್ಟು, ಪ್ರಕಟವಾದ ನಂಬರುಗಳನ್ನೆಲ್ಲ ಅದಕ್ಕೆ ಕಟ್ಟಿದೆ. ಸಿಕ್ಕಿದ ಜಾಗ, ಈಗ ಇರುವ ಜಾಗ ಎರಡಕ್ಕೂ ಬೇರೆ ಬೇರೆ ಐಡಿ. ರಸ್ತೆ ಅಗಲ ಮಾಡುವಾಗ ಕಲ್ಲು ದೇವಸ್ಥಾನದ ಅಂಗಳಕ್ಕೆ ಹೋಗುವುದನ್ನು ನೋಡಿದವರಿಗೆ ಇದು ಯಾಕೆ ಅಂತ ಹೇಳಬೇಕಾಗಿಲ್ಲ.

ನನಗೆ ಹೆಚ್ಚು ಉಪಯೋಗ ಆದದ್ದು ಇನ್ನೊಂದು ಅಂಶ. ಈ ಪದ್ಧತಿಯಲ್ಲಿ ಒಂದು ಕಡತ ಹೇಗೆ ಹುಟ್ಟಿತು ಎಂಬುದನ್ನು ಒಂದು ಕ್ರಿಯೆಯಾಗಿ ಬರೆಯಬಹುದು. ಮಾಡಿದ್ದು ಯಾರು, ಯಾವ ಉಪಕರಣದಿಂದ, ಯಾವುದನ್ನು ಇಟ್ಟುಕೊಂಡು, ಬಂದ ಫಲ ಏನು. ಶಕ 1353 ಎಂಬುದು ಕಲ್ಲಿನ ಮಾತು. ಅದನ್ನು ಓದಿದ್ದು ಹುಲ್ಟ್ಶ್ ಮಾಡಿದ ಕ್ರಿಯೆ. ಅದನ್ನು 1432ರ ಫೆಬ್ರವರಿ 13 ಅಂತ ಪರಿವರ್ತಿಸುವುದು ಮೂರನೆಯದ್ದು, ಅದಕ್ಕೆ ಬೇರೆ ಹೊಣೆಗಾರ. ನನ್ನ ಶೀಟಿನಲ್ಲಿ ಈ ಮೂರೂ ಒಂದೇ ಮನೆಯಲ್ಲಿ ಕೂತಿದ್ದವು. ಈಗ ಪರಿವರ್ತನೆ ತಪ್ಪು ಅಂತ ಗೊತ್ತಾದರೆ ಆ ಸೂತ್ರ ಮುಟ್ಟಿದ ಶಾಸನಗಳನ್ನಷ್ಟೇ ಹೆಕ್ಕಿ ತೆಗೆಯಬಹುದು, ಪಾಠ ಮುಟ್ಟಬೇಕಾಗಿಲ್ಲ.

ಪರಿವರ್ತನೆ ಪರೀಕ್ಷಿಸಲು ವಾರ ನೋಡಬೇಕು. ವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಇಷ್ಟನ್ನೂ ಶಾಸನ ಕೊಡುವುದು ನಮ್ಮ ಎಂಜಿನಿಯರ್ ಭಾಷೆಯಲ್ಲಿ ಒಂದು ಚೆಕ್‌ಸಮ್. ಒಂದು ತಪ್ಪಿದರೆ ಉಳಿದವು ಹೊಂದುವುದಿಲ್ಲ. ಉತ್ಸಾಹದಲ್ಲಿ ಪೈಥಾನಿಗೆ 1432 ಫೆಬ್ರವರಿ 13 ಯಾವ ವಾರ ಅಂತ ಕೇಳಿದೆ. ಸೋಮವಾರ ಅಂತು. ಕಲ್ಲು ಬುಧವಾರ ಅನ್ನುತ್ತದೆ. ಒಂದು ಸಂಜೆ ಪೂರ್ತಿ ತಲೆ ಕೆಟ್ಟುಹೋಯ್ತು. ಕಾರಣ ಸರಳ. ಪೈಥಾನ್ ಗ್ರೆಗೋರಿಯನ್ ಕ್ಯಾಲೆಂಡರನ್ನೇ ಹಿಂದಕ್ಕೂ ಎಳೆಯುತ್ತದೆ, ನಮ್ಮ ಶಾಸನತಜ್ಞರು ಕೊಡುವುದು ಜೂಲಿಯನ್ ದಿನಾಂಕ. ಜೂಲಿಯನ್ನಿನಲ್ಲಿ ಲೆಕ್ಕ ಹಾಕಿದರೆ ಸರಿಯಾಗಿ ಬುಧವಾರ. ಚತುರ್ಮುಖ ಬಸದಿಯ ಶಕ 1508 ವ್ಯಯ ಸಂವತ್ಸರದ ಚೈತ್ರ ಶುದ್ಧ ಷಷ್ಠಿಯೂ ಹಾಗೇ. 1586 ಮಾರ್ಚ್ 16 ಬುಧವಾರ, ಪೈಥಾನಿಗೆ ಭಾನುವಾರ. ಇಲ್ಲಿ ಮಾತ್ರ ಚೈತ್ರ ಆದ್ದರಿಂದ 78 ಕೂಡಿಸಿದ್ದು ಸರಿಯಾಗಿತ್ತು, ಅದೃಷ್ಟ. ಈಗ ದಿನಾಂಕದ ಜೊತೆ ಯಾವ ಕ್ಯಾಲೆಂಡರ್ ಅಂತಲೂ ಬರೆಯುತ್ತೇನೆ.

ಅರಸರ ಹೆಸರಿನದ್ದು ದೊಡ್ಡ ಗೋಜಲು. ಕಾರ್ಕಳದ ಭೈರರಸರಲ್ಲಿ ಭೈರವ, ಪಾಂಡ್ಯ ಎಂಬ ಎರಡೇ ಹೆಸರು ಸುತ್ತಿ ಸುತ್ತಿ ಬರುತ್ತವೆ. ಗೊಮ್ಮಟನ ಬಳಿಯ ಸಂಸ್ಕೃತ ಪಾಠದಲ್ಲಿ ವೀರಪಾಂಡ್ಯ, ಕನ್ನಡ ಪಾಠದಲ್ಲಿ ಪಾಂಡ್ಯರಾಯ. ಇವರಿಬ್ಬರೂ ಒಬ್ಬರೇ. ಕೆಲವು ವರ್ಷದ ಮೇಲೆ ಎದುರಿನ ಬ್ರಹ್ಮದೇವ ಸ್ತಂಭ ನಿಲ್ಲಿಸಿದವನೂ ಇವನೇ. ಇವನ ತಂದೆ ಭೈರವ. 1586ರಲ್ಲಿ ಎದುರು ಗುಡ್ಡೆಯಲ್ಲಿ ತ್ರಿಭುವನತಿಲಕ ಚೈತ್ಯಾಲಯ, ಅಂದರೆ ಚತುರ್ಮುಖ ಬಸದಿ ಕಟ್ಟಿಸಿದವನು ಇಮ್ಮಡಿ ಭೈರವ. ಶೀಟಿನಲ್ಲಿ "ಭೈರವ" ಅಂತ ಹುಡುಕಿದರೆ ನೂರೈವತ್ತು ವರ್ಷದ ಅಂತರ ಇರುವವರು ಒಟ್ಟಿಗೆ ಬಂದು ಕೂರುತ್ತಿದ್ದರು.

ಐಡಿ ಕೊಟ್ಟು ಬಿಡಿಸಿದೆ. ಆಮೇಲೆ ಅವರ ನಡುವೆ ಗೆರೆ ಎಳೆಯಲು ಹೋದಾಗ ಲೈಬ್ರರಿಯೇ ಸಿಕ್ಕಿಬಿತ್ತು. ಆರ್‌ಓ-ಕ್ರೇಟ್ ಬಳಸುವುದು ಸ್ಕೀಮಾ ಡಾಟ್ ಆರ್ಗ್ ಎಂಬ ಪದಕೋಶವನ್ನು. ಅದರಲ್ಲಿ ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ-ಹೆಂಡತಿ ಇದ್ದಾರೆ. ಸೋದರಮಾವ ಇಲ್ಲ! ತುಳುನಾಡಿನ ಅಳಿಯಸಂತಾನದ ಅರಸುಮನೆಗಳಲ್ಲಿ ಪಟ್ಟ ಬರುವುದೇ ಮಾವನಿಂದ. ಇಮ್ಮಡಿ ಭೈರವ ಹಿಂದಿನ ಭೈರವನ ಅಕ್ಕತಂಗಿಯ ಮಗ. "ಸಂಬಂಧಿ" ಎಂಬ ಸಾಮಾನ್ಯ ಗೆರೆ ಎಳೆದು ಮುಗಿಸಬಹುದಿತ್ತು. ಹಾಗೆ ಮಾಡಿದರೆ ಪಟ್ಟ ಯಾಕೆ ಇವನಿಗೆ ಬಂತು ಎಂಬುದೇ ಕಾಣುವುದಿಲ್ಲ. ನಮ್ಮ ಎಷ್ಟೋ ವಂಶಾವಳಿ ಚಿತ್ರಗಳಲ್ಲಿ ಗಂಡಸರ ಹೆಸರುಗಳ ನಡುವೆ ಒಂದು ನೇರ ಗೆರೆ ಇರುತ್ತದೆ, ನೋಡಿದವರು ಅಪ್ಪ-ಮಗ ಅಂದುಕೊಳ್ಳುತ್ತಾರೆ.

ಹೊಸ ಪದ ಸೇರಿಸುವ ಬದಲು ಇರುವ ಪದಗಳಲ್ಲೇ ಬರೆದೆ. ಮಾವ, ಅವನ ಒಡಹುಟ್ಟಿದವಳು, ಅವಳ ಮಗ. ಅಂದರೆ ನಡುವೆ ಒಬ್ಬ ಹೆಂಗಸಿನ ಐಡಿ ಇಲ್ಲದೆ ಗೆರೆ ದಾಟುವುದೇ ಇಲ್ಲ. 1586ರ ಶಾಸನ ಆ ಹೆಸರನ್ನು ಕೊಡುತ್ತದೆ, ಗುಮ್ಮಟಾಂಬೆ. ನನ್ನ ಶೀಟಿನಲ್ಲಿ ಅವಳಿಗೆ ಕಾಲಮ್ಮೇ ಇರಲಿಲ್ಲ. ಹೆಸರು ಕೊಡದ ಶಾಸನಗಳಲ್ಲಿ ಏನು ಮಾಡುವುದು? ಲಿಂಕ್ಡ್ ಡೇಟಾದಲ್ಲಿ ಅದಕ್ಕೂ ದಾರಿ ಇದೆ. ಖಾಲಿ ಗಂಟು ಹಾಕಬಹುದು: ಇಲ್ಲಿ ಒಬ್ಬಳಿದ್ದಾಳೆ, ಹೆಸರು ಕಲ್ಲಿನಲ್ಲಿಲ್ಲ, ಅವಳ ಮಗ ಇವನು. ಕರಾವಳಿಯ ಶಾಸನಗಳಿಗೆ ಇಂಥ ಗಂಟುಗಳು ಬಹಳ ಬೇಕಾಗುತ್ತವೆ ಅಂತ ನನ್ನ ಅಂದಾಜು.

ಇದೆಲ್ಲ ನಿಧಾನದ ಕೆಲಸ. ಶೀಟಿನಲ್ಲಿ ಐದು ನಿಮಿಷ ತೆಗೆದುಕೊಳ್ಳುತ್ತಿದ್ದ ಶಾಸನಕ್ಕೆ ಈಗ ಒಂದು ಭಾನುವಾರ ಬೇಕು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುವಂತೆ ಇಲ್ಲಿಯೂ ಆದರೆ ಆ ಕಡತಗಳನ್ನು ಇದೇ ಪೆಟ್ಟಿಗೆಗೆ ಸೇರಿಸಬಹುದು. ಸದ್ಯಕ್ಕೆ ಗೊಮ್ಮಟ, ಸ್ತಂಭ, ಚತುರ್ಮುಖ ಬಸದಿ ಮುಗಿದಿವೆ.

ಒಂದು ಕೋರಿಕೆ. ನನ್ನ ಹಳೆಯ ಶೀಟ್ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಅದರ ಮಾಘ, ಫಾಲ್ಗುಣದ ಸಾಲುಗಳಲ್ಲಿ ಕ್ರಿಸ್ತಶಕಕ್ಕೆ ಒಂದು ಸೇರಿಸಿಕೊಳ್ಳಿ. ಪುಷ್ಯದ ಸಾಲುಗಳನ್ನು ತಿಥಿ-ವಾರ ಹಾಕಿ ಒಂದೊಂದಾಗಿ ನೋಡಬೇಕು, ಅದು ಡಿಸೆಂಬರಿಗೂ ಬೀಳಬಹುದು, ಜನವರಿಗೂ ಬೀಳಬಹುದು.